ಸಣ್ಣ ಊರಿನಲ್ಲೇ ನೌಕರಿ ಮುಗಿಸಿದ ಹೆಂಗಸರ ದಿನಗಳು ಹೇಗಿದ್ದವು?

ಬೇರೆಯವರದು ಹೇಳಲಾರೆ, ನನ್ನದು ಹೇಳುತ್ತೇನೆ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಟೆಲಿಫೋನ್ ಎಕ್ಸ್‌ಚೇಂಜಿಗೆ 1983ರಲ್ಲಿ ಆಪರೇಟರ್ ಆಗಿ ಸೇರಿದೆ. ಆಗ ನನಗೆ ಇಪ್ಪತ್ತು ವರ್ಷ.

ಇಡೀ ಊರಿಗೆ ನೂರು ಲೈನು. ಯಾರಾದರೂ ಮನೆಯಲ್ಲಿ ಫೋನಿನ ಹಿಡಿ ತಿರುಗಿಸಿದರೆ ನಮ್ಮ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಅದರ ತೂತಿಗೆ ಪ್ಲಗ್ ಚುಚ್ಚಿ ‘ನಂಬರ್?’ ಎನ್ನಬೇಕು. ನಂಬರ್ ಹೇಳುವವರು ಕಡಿಮೆ. ‘ಅಕ್ಕಾ, ಡಾಕ್ಟರ ಮನೆ ಕೊಡಿ’ ಎನ್ನುತ್ತಿದ್ದರು. ಡಾಕ್ಟರು ಮನೆಯಲ್ಲಿಲ್ಲ, ಈಗಷ್ಟೇ ವಕೀಲರ ಮನೆಯಿಂದ ಮಾತಾಡಿದರು ಎಂಬುದು ನನಗೆ ಗೊತ್ತಿರುತ್ತಿತ್ತು. ಅಲ್ಲಿಗೇ ಚುಚ್ಚುತ್ತಿದ್ದೆ. ನಿಯಮದಲ್ಲಿ ಇದೆಲ್ಲ ಇರಲಿಲ್ಲ.

ಬೇರೆ ಊರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿದರೆ ಗಂಟೆಗಟ್ಟಲೆ ಕಾಯಬೇಕಿತ್ತು. ಬೇಗ ಸಿಗಬೇಕೆಂದರೆ ಆರ್ಡಿನರಿ ಕರೆಯ ಬದಲು ಅರ್ಜೆಂಟ್, ಅದಕ್ಕೆ ಎರಡು ಪಟ್ಟು ದರ; ಎಲ್ಲಕ್ಕಿಂತ ಮೊದಲು ಸಿಗುವ ಲೈಟ್ನಿಂಗಿಗೆ ಎಂಟು ಪಟ್ಟು. ಮೊಮ್ಮಗು ಹುಟ್ಟಿತೆಂದು ತಿಳಿಸಲು ಆರ್ಡಿನರಿ ಹಾಕಿಸಿ ಮಧ್ಯಾಹ್ನದಿಂದ ಕೂರುವವರು ಒಂದು ಕಡೆ, ಅಡಿಕೆ ದರ ಕೇಳಲು ಲೈಟ್ನಿಂಗ್ ಹಾಕಿಸುವ ವ್ಯಾಪಾರಿಗಳು ಇನ್ನೊಂದು ಕಡೆ. ಮೂರು ನಿಮಿಷ ಆಯಿತೆಂದು ನಾವು ನಡುವೆ ಬಾಯಿ ಹಾಕಬೇಕು. ಅಳುವವರ ಕರೆಯಲ್ಲಿ ನನಗೆ ಗಡಿಯಾರ ಕಾಣಿಸುತ್ತಿರಲಿಲ್ಲ. ಅದಕ್ಕಾಗಿ ಎರಡು ಮೆಮೊ ತಿಂದಿದ್ದೇನೆ.

‘ಸೊಸೆ ದಿನವಿಡೀ ಪರಗಂಡಸರ ಜೊತೆ ಮಾತಾಡುತ್ತಾಳಂತೆ’ ಎಂದು ಯಾರೋ ಚುಚ್ಚಿದಾಗ ನಮ್ಮ ಅತ್ತೆ, ‘ಸರ್ಕಾರ ಸಂಬಳ ಕೊಡುವುದು ಅದಕ್ಕೇ’ ಎಂದರಂತೆ. ಹೆರಿಗೆ ರಜೆ ಆಗ 90 ದಿನ. ಅದು ಮುಗಿದ ಮೇಲೆ ದಿನವೂ ಹನ್ನೊಂದು ಗಂಟೆಗೆ ಮಗುವನ್ನು ಎತ್ತಿಕೊಂಡು ಎಕ್ಸ್‌ಚೇಂಜಿನ ಹಿಂಬಾಗಿಲಿಗೆ ಬರುತ್ತಿದ್ದವರೂ ಅವರೇ.

ಕಷ್ಟವೆಂದರೆ ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು. ಲೈನ್ ಸರಿ ಇದೆಯೇ ಎಂದು ನೋಡಲು ಕಿವಿ ಕೊಡಲೇಬೇಕು, ಬೇಡವೆಂದರೂ ನಾಲ್ಕು ಮಾತು ಬೀಳುತ್ತವೆ. ಒಮ್ಮೆ ನಮ್ಮ ಬೀದಿಯ ಹುಡುಗಿಯ ಬಗ್ಗೆ ಗಂಡಿನ ಕಡೆಯವರು ಹದಿನೇಳನೇ ನಂಬರಿಗೆ ಫೋನ್ ಮಾಡಿ ವಿಚಾರಿಸಿದರು. ಆ ಯಜಮಾನರು ಹೇಳಿದ್ದರಲ್ಲಿ ಒಂದೂ ನಿಜವಲ್ಲ. ಪ್ಲಗ್ ಕಿತ್ತುಹಾಕಲು ಕೈ ಎದ್ದಿತ್ತು, ಕೀಳಲಿಲ್ಲ. ವಾರದ ನಂತರ ಹುಡುಗಿಯ ತಾಯಿ ಬಂದು, ‘ಅವರಿಂದ ಉತ್ತರವೇ ಇಲ್ಲವಲ್ಲಮ್ಮ, ಟ್ರಂಕ್ ಲೈನ್ ಕೆಟ್ಟಿದೆಯಾ?’ ಎಂದು ಕೇಳಿದರು. ‘ಹೌದಮ್ಮ, ಮಳೆಗೆ ಸ್ವಲ್ಪ ಗರಗರ’ ಎಂದೆ.

1986ರಲ್ಲಿ ಕಿತ್ತೂರಿನಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಶುರುವಾಯಿತು. 128 ಲೈನಿನ ಪೆಟ್ಟಿಗೆಗೆ ಎಸಿ ಕೂಡ ಬೇಡವಂತೆ ಎಂದು ನಾವು ನಕ್ಕೆವು. ಕೆಲವೇ ವರ್ಷಗಳಲ್ಲಿ ಅಂಥದ್ದೇ ಪೆಟ್ಟಿಗೆ ನಮ್ಮಲ್ಲಿಗೂ ಬಂತು, ಬೋರ್ಡು ಗುಜರಿಗೆ ಹೋಯಿತು. ಆಮೇಲೆ ಬಿಲ್ ಕೌಂಟರ್, ಫೋನ್ ಕೆಟ್ಟರೆ ಜನ ಕರೆಯುತ್ತಿದ್ದ 198 ನಂಬರಿನ ದೂರು. 2000ದ ಅಕ್ಟೋಬರಿನಲ್ಲಿ ಇಲಾಖೆ ಬಿಎಸ್‌ಎನ್‌ಎಲ್ ಆಯಿತು. ಕುರ್ಚಿ ಅದೇ, ಫಲಕ ಮಾತ್ರ ಹೊಸದು. 2020ರ ಜನವರಿ 31ರಂದು ಸ್ವಯಂ ನಿವೃತ್ತಿ ತೆಗೆದುಕೊಂಡ ಸುಮಾರು 78 ಸಾವಿರ ಮಂದಿಯಲ್ಲಿ ನಾನೂ ಒಬ್ಬಳು.

ಆ ಹುಡುಗಿಗೆ ಮರುವರ್ಷ ಬೇರೆ ಕಡೆ ಮದುವೆಯಾಯಿತು, ಚೆನ್ನಾಗಿದ್ದಾಳೆ. ಹದಿನೇಳನೇ ನಂಬರಿನವರಿಗೆ ಈಗ ಎಂಬತ್ತು ದಾಟಿದೆ, ಬೆಳಿಗ್ಗೆ ಕೋಲೂರಿಕೊಂಡು ಎದುರು ಸಿಗುತ್ತಾರೆ. ‘ಚೆನ್ನಾಗಿದ್ದೀಯಾಮ್ಮ?’ ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ‘ಹೂಂ’ ಎಂದು ಹೆಜ್ಜೆ ಜೋರು ಮಾಡುತ್ತೇನೆ.