ದಡಾರ ಒಮ್ಮೆ ಬಂದರೆ ಮತ್ತೆ ಯಾಕೆ ಬರುವುದಿಲ್ಲ?

ದಡಾರದ ವೈರಸ್ಸನ್ನು ಗುರುತು ಹಿಡಿಯುವ ಬಿಳಿ ರಕ್ತಕಣಗಳು ಮೊದಲ ಸಲ ತೀರಾ ಕಡಿಮೆ ಇರುತ್ತವೆ. ಅವುಗಳ ಸಂಖ್ಯೆ ಹೆಚ್ಚಿ, ಸಾಕಷ್ಟು ಪ್ರತಿಕಾಯ (ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್) ತಯಾರಿಸುವಷ್ಟರಲ್ಲಿ ಜ್ವರ ಬಂದು ಮೈಮೇಲೆ ಕೆಂಪು ದದ್ದುಗಳು ಎದ್ದಿರುತ್ತವೆ. ವಾಸಿಯಾದ ಮೇಲೆ ಬಹುಪಾಲು ಕಣಗಳು ಸಾಯುತ್ತವೆ. ಉಳಿದ ಕೆಲವು ಆ ವೈರಸ್ಸನ್ನು ನೆನಪಿಟ್ಟುಕೊಳ್ಳುತ್ತವೆ. ಇನ್ನು ಕೆಲವು ಮೂಳೆಯ ಮಜ್ಜೆಯಲ್ಲಿದ್ದು ವರ್ಷಗಟ್ಟಲೆ ಪ್ರತಿಕಾಯ ಬಿಡುತ್ತಲೇ ಇರುತ್ತವೆ. ಹಾಗಾಗಿ ವೈರಸ್ ಮತ್ತೆ ಬಂದರೆ, ರೋಗ ಬರುವ ಮುನ್ನವೇ ಅದನ್ನು ತಡೆಯುತ್ತವೆ.

ಈ ನೆನಪು ಎಷ್ಟು ಗಟ್ಟಿ ಗೊತ್ತಾ? 1846ರಲ್ಲಿ ಫೇರೋ ದ್ವೀಪಗಳಲ್ಲಿ ದಡಾರ ಹಬ್ಬಿ, ಬಹುತೇಕ ಜನ ಹಾಸಿಗೆ ಹಿಡಿದರು. ಆದರೆ 1781ರಲ್ಲೇ ದಡಾರ ಬಂದು ಹೋಗಿದ್ದ ಮುದುಕರಿಗೆ ಮತ್ತೆ ಬರಲಿಲ್ಲ. ಇದನ್ನು ಗಮನಿಸಿ ಬರೆದಿಟ್ಟವರು ಡೆನ್ಮಾರ್ಕಿನ ವೈದ್ಯ ಪೀಟರ್ ಪನುಮ್.

ಹಾಗಂತ ಸುಮ್ನೆ ಬಂದು ಹೋಗಲಿ ಅಂತ ಬಿಡಬೇಡಿ. ದಡಾರ ಬೇರೆ ರೋಗಗಳ ಬಗ್ಗೆ ದೇಹಕ್ಕಿರುವ ಇಂಥ ನೆನಪನ್ನು ಅಳಿಸಿಹಾಕಬಲ್ಲದು. ಲಸಿಕೆಯಿಂದ ಆ ಅಪಾಯವಿಲ್ಲ. ನಮ್ಮಲ್ಲಿ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ.