ರಜೆ ಸಿಕ್ಕರೂ ರಜೆ ಹಾಕಲಾಗದವರು

ಮೈಸೂರು ಕಡೆಯ ಸಾಫ್ಟ್‌ವೇರ್ ಇಂಜಿನಿಯರ್. ಮೂವತ್ತು ದಾಟಿದೆ, ಹೆಂಡತಿ, ಒಂದು ಮಗು. ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಸಲಹೆ ಕೇಳಿ ನನಗೆ ಮಾಡಿದ ವಿಡಿಯೊ ಕರೆಯಲ್ಲಿ ಅವರು ಮೊದಲು ಹೇಳಿದ್ದು ನಿದ್ದೆ ಬರುತ್ತಿಲ್ಲ ಎಂದು. ರಜೆಯ ವಿಷಯ ಆಮೇಲೆ ಬಂತು.

"ಮೇಡಂ, ರಜೆಯಲ್ಲಿದ್ದಾಗಲೂ ಮೇಲ್‌ಗೆಲ್ಲ ಉತ್ತರ ಕೊಟ್ಟೆ. ಮ್ಯಾನೇಜರ್ ಖುಷಿಯಾಗ್ತಾರೆ ಅಂದ್ಕೊಂಡ್ರೆ, ನಿಮ್ಮ ಕೆಲಸ ನೋಡ್ಕೊಳ್ಳೋಕೆ ಒಬ್ಬರನ್ನ ಬಿಟ್ಟಿದ್ವಲ್ಲ, ಅವರ ಮೇಲೆ ನಂಬಿಕೆ ಇಲ್ವಾ ಅಂದ್ರು."

ಜರ್ಮನಿಯ ರಜಾ ಕಾನೂನು 1963ರದ್ದು. ವಾರಕ್ಕೆ 5 ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ. ಎಷ್ಟೋ ಕಂಪನಿಗಳು 30 ದಿನ ಕೊಡುತ್ತವೆ. ಇವರು ಅದನ್ನು "ಅಪ್ಪನಿಗೆ ಏನಾದ್ರೂ ಆದ್ರೆ" ಎಂದು ಕೂಡಿಟ್ಟಿದ್ದರು. ವರ್ಷದ ಕೊನೆ ಹತ್ತಿರ ಬಂದಾಗ, ಉಳಿದ ರಜೆ ತೆಗೆದುಕೊಳ್ಳದಿದ್ದರೆ ಹೋಗುತ್ತದೆ ಎಂದು ಎಚ್‌ಆರ್‌ನಿಂದ ಪತ್ರ ಬಂತು. ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂದು ಹೆದರಿದ್ದಾರೆ, ಪಾಪ. ಹಾಗೆ ಮುಂಚೆಯೇ ತಿಳಿಸದೆ ರಜೆ ರದ್ದು ಮಾಡುವಂತಿಲ್ಲ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2018ರಲ್ಲೇ ಹೇಳಿದೆ. ಅಂಥ ಪತ್ರ ಎಲ್ಲರಿಗೂ ಹೋಗುತ್ತದೆ.

ಇದನ್ನೆಲ್ಲ "ಕಲ್ಚರ್ ಶಾಕ್" ಎಂದು ಮುಗಿಸಲು ನನಗೆ ಮನಸ್ಸಿಲ್ಲ. ಬೆಂಗಳೂರಿನಲ್ಲಿ ಯಾವಾಗೆಲ್ಲ ರಜೆ ಹಾಕಿದ್ದಿರಿ ಎಂದು ಕೇಳಿದೆ. ಅಕ್ಕನ ಮದುವೆ, ಅಜ್ಜಿಯ ತಿಥಿ, ಗೃಹಪ್ರವೇಶ. ಸುಮ್ನೆ ರಜೆ ಹಾಕಿದ್ದು? ಸ್ವಲ್ಪ ಹೊತ್ತು ಯೋಚಿಸಿ, ಇಲ್ಲ ಎಂದರು. ತಾನಿಲ್ಲದೆ ಕೆಲಸ ಸಲೀಸಾಗಿ ನಡೆದುಬಿಟ್ಟರೆ ತಾನು ಯಾಕೆ ಬೇಕು ಎಂಬ ಅಳುಕು ಅಲ್ಲೇ ಇತ್ತು. ಈಗ ವೀಸಾನೂ ಕೆಲಸದ ಜೊತೆ ಅಂಟಿಕೊಂಡಿದೆ. ಹಾಗಾಗಿ ಭಯಪಡಬೇಡಿ ಎಂದು ಸುಲಭವಾಗಿ ಹೇಳಲು ನನಗೆ ಬಾಯಿ ಬರಲಿಲ್ಲ.

ಮೊದಲು ಅಪ್ಪನ ವಿಷಯ ಇತ್ಯರ್ಥ ಮಾಡಿಕೊಳ್ಳಿ ಎಂದೆ. ರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಯಾರು ಓಡುತ್ತಾರೆ, ದುಡ್ಡು ಯಾರ ಬಳಿ ಇರಬೇಕು, ನೀವು ಯಾವಾಗ ಹೊರಡಬೇಕು ಎಂದು ತಮ್ಮನ ಜೊತೆ ಮಾತಾಡಿ. ಅದಕ್ಕೆಂದು 5 ದಿನ ತೆಗೆದಿಡಿ, ಇಡೀ ವರ್ಷದ ರಜೆ ಬೇಡ. ಇನ್ನೊಂದು, ಊರಿನ ಪ್ರಯಾಣವನ್ನು ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸಬೇಡಿ. ಮೈಸೂರಿಗೆ ಬಂದರೆ ಬೆಳಗ್ಗೆ ಒಬ್ಬ ನೆಂಟರ ಮನೆ, ಸಂಜೆ ಇನ್ನೊಬ್ಬರ ಮನೆ, ಅಲ್ವಾ? ಸ್ಟುಟ್‌ಗಾರ್ಟ್ ಹತ್ತಿರವೇ ಎಲ್ಲಾದರೂ ಒಂದು ವಾರ ಇದ್ದು ಬನ್ನಿ. ಬಾಕಿ ಕೆಲಸವನ್ನು ಒಂದು ಪುಟದಲ್ಲಿ ಬರೆದು ನಿಮ್ಮ ಜಾಗದಲ್ಲಿ ನೋಡಿಕೊಳ್ಳುವವರಿಗೆ ಕೊಡಿ. ಆಫೀಸಿನ ಫೋನ್ ಮನೆಯಲ್ಲೇ ಇರಲಿ.

ಹಿಂದಿನ ಸಲ ಊರಲ್ಲಿ ಜ್ವರ ಬಂದು ಮಲಗಿದ ದಿನಗಳನ್ನೂ ರಜೆಗೇ ಬರೆದಿದ್ದರಂತೆ! ಜರ್ಮನಿಯಲ್ಲಿ ಕೆಲಸ ಮಾಡುವವರು ರಜೆಯಲ್ಲಿ ಕಾಯಿಲೆ ಬಿದ್ದರೆ ತಕ್ಷಣ ಆಫೀಸಿಗೆ ತಿಳಿಸಿ ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು. ಆ ದಿನಗಳು ರಜೆಯಿಂದ ಕಳೆಯುವುದಿಲ್ಲ. ಇದನ್ನು ಕೇಳಿ ಅವರು ಮೊದಲ ಸಲ ನಕ್ಕರು.

ಹತ್ತಿರದ ಬ್ಲ್ಯಾಕ್ ಫಾರೆಸ್ಟ್ ಎಂಬ ಕಾಡು-ಬೆಟ್ಟಗಳ ಕಡೆ ಒಂದು ವಾರ ಹೋಗಿ ಬಂದರು. ಮೂರನೇ ದಿನ ತಡೆಯಲಾರದೆ ಹೆಂಡತಿಯ ಫೋನಿನಿಂದ ಸಹೋದ್ಯೋಗಿಗೆ ಮೆಸೇಜ್ ಮಾಡಿದ್ದಾರೆ. ಆ ಕಡೆಯಿಂದ ಒಂದು ನಗುವ ಇಮೋಜಿ ಮಾತ್ರ ಬಂತಂತೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ಮುಂದಿನ ಕರೆಗೆ ಹೆಂಡತಿಯೂ ಕೂರಲಿ ಎಂದಿದ್ದೇನೆ. ಊರಿಗೆ ಹೋದಾಗ ಯಾರ ಮನೆಯಲ್ಲಿ ಎಷ್ಟು ದಿನ ಎಂಬುದು ಅವರಿಬ್ಬರ ನಡುವೆ ಇನ್ನೂ ಬಗೆಹರಿದಿಲ್ಲ.