ಸ್ಕ್ವಾಟ್ ಒಂದೇ ಸಾಕೇ, ಲೆಗ್ ಕರ್ಲ್ ಕೂಡ ಬೇಕೇ?

ಪ್ರಶ್ನೆ: ತೂಕ ಎತ್ತುವ ವ್ಯಾಯಾಮ ಶುರುಮಾಡಿ ಎಂಟು ತಿಂಗಳಾಯಿತು. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಸಿಗುತ್ತದೆ. ಒಬ್ಬ ಟ್ರೈನರ್ ‘ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್ ಮಾಡಿ, ಮಿಕ್ಕಿದ್ದೆಲ್ಲ ದಂಡ’ ಎನ್ನುತ್ತಾರೆ. ಇನ್ನೊಬ್ಬರು ‘ಒಂದೊಂದು ಸ್ನಾಯುವಿಗೂ ಬೇರೆ ವ್ಯಾಯಾಮ ಬೇಕು’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲನೆಯವರು ಬಲದ ಲೆಕ್ಕದಲ್ಲಿ ಮಾತಾಡುತ್ತಿದ್ದಾರೆ, ಎರಡನೆಯವರು ಸ್ನಾಯುವಿನ ಗಾತ್ರದ ಲೆಕ್ಕದಲ್ಲಿ. ಸ್ಕ್ವಾಟ್‌ನಲ್ಲಿ (ಭಾರ ಹೊತ್ತು ಕುಳಿತು ಏಳುವುದು) ಹೆಚ್ಚು ಭಾರ ಎತ್ತಬೇಕೆಂದರೆ ಸ್ಕ್ವಾಟನ್ನೇ ಮಾಡಬೇಕು. ಕುಳಿತು ಮೊಣಕಾಲು ಚಾಚುವ ಲೆಗ್ ಎಕ್ಸ್‌ಟೆನ್ಷನ್ ಮಷೀನಿನಲ್ಲಿ ಗಳಿಸಿದ ಬಲ ಅಲ್ಲಿಗೆ ಪೂರ್ತಿ ದಕ್ಕುವುದಿಲ್ಲ. ನಿಮಗಿರುವ ಮೂರು ಗಂಟೆಯಲ್ಲಿ ಹೆಚ್ಚು ಪಾಲು ಸ್ಕ್ವಾಟ್‌ನಂತೆ ಹಲವು ಕೀಲುಗಳು ಒಟ್ಟಿಗೆ ದುಡಿಯುವ ಕಾಂಪೌಂಡ್ ವ್ಯಾಯಾಮಗಳಿಗೇ ಹೋಗಲಿ. ಆದರೆ ‘ಮಿಕ್ಕಿದ್ದೆಲ್ಲ ದಂಡ’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಕಾರಣ ದೇಹದ ರಚನೆಯಲ್ಲೇ ಇದೆ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಕೂರುವ ಮೂಳೆಯಿಂದ ಹೊರಟು ಮೊಣಕಾಲಿನ ಕೆಳಗೆ ಸೇರಿಕೊಳ್ಳುತ್ತದೆ. ಅಂದರೆ ಎರಡು ಕೀಲು ದಾಟುತ್ತದೆ. ಸ್ಕ್ವಾಟ್‌ನಲ್ಲಿ ಕೆಳಗಿಳಿಯುವಾಗ ಸೊಂಟದ ಕೀಲು ಮಡಚಿ ಅದನ್ನು ಮೇಲಿನಿಂದ ಎಳೆಯುತ್ತದೆ, ಅದೇ ಹೊತ್ತಿಗೆ ಮೊಣಕಾಲು ಮಡಚಿ ಕೆಳಗಿನಿಂದ ಸಡಿಲ ಬಿಡುತ್ತದೆ. ಎಳೆದದ್ದಕ್ಕೂ ಬಿಟ್ಟದ್ದಕ್ಕೂ ಹೆಚ್ಚುಕಡಿಮೆ ಸರಿಹೋಗಿ ಸ್ನಾಯುವಿನ ಉದ್ದ ಅಷ್ಟಾಗಿ ಬದಲಾಗುವುದೇ ಇಲ್ಲ. ಅದಕ್ಕೇ ವರ್ಷಗಟ್ಟಲೆ ಸ್ಕ್ವಾಟ್ ಮಾಡಿದವರಲ್ಲೂ ತೊಡೆಯ ಮುಂಭಾಗ ತುಂಬಿಕೊಂಡು ಹಿಂಭಾಗ ಚಪ್ಪಟೆಯಾಗಿಯೇ ಉಳಿಯುವುದುಂಟು. ಮೊಣಕಾಲು ಹೆಚ್ಚು ಮಡಚದೆ ಸೊಂಟದಿಂದ ಬಾಗಿ ಭಾರ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್ ಈ ಕೊರತೆಯನ್ನು ಬಹುಪಾಲು ತುಂಬುತ್ತದೆ. ಆದರೂ ಹ್ಯಾಮ್‌ಸ್ಟ್ರಿಂಗ್‌ನ ಒಂದು ಗಿಡ್ಡ ಭಾಗ ಮೊಣಕಾಲನ್ನು ಮಾತ್ರ ದಾಟುತ್ತದೆ. ಅದಕ್ಕೆ ಮೊಣಕಾಲು ಮಡಚುತ್ತ ಭಾರ ಎಳೆಯುವ ಲೆಗ್ ಕರ್ಲ್ ಬೇಕೇ ಬೇಕು. ಮಲಗಿ ಮಾಡುವ ಮಷೀನಿಗಿಂತ ಕುಳಿತು ಮಾಡುವುದು ಮೇಲು, ಏಕೆಂದರೆ ಸೊಂಟ ಮಡಚಿರುವುದರಿಂದ ಎರಡು ಕೀಲು ದಾಟುವ ಭಾಗಗಳು ಚಾಚಿಕೊಂಡ ಸ್ಥಿತಿಯಲ್ಲಿ ದುಡಿಯುತ್ತವೆ.

ತೋಳಿನ ಹಿಂಭಾಗದ ಟ್ರೈಸೆಪ್ಸ್ ಸ್ನಾಯುವಿನ ಉದ್ದನೆಯ ಭಾಗದ್ದೂ ಇದೇ ಕಥೆ. ಅದು ಹೆಗಲಮೂಳೆಯಿಂದ ಹೊರಟು ಭುಜ, ಮೊಣಕೈ ಎರಡನ್ನೂ ದಾಟುವುದರಿಂದ ಬೆಂಚ್ ಪ್ರೆಸ್‌ನಿಂದ (ಮಲಗಿ ಭಾರವನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಅದಕ್ಕೆ ಸಿಗುವ ಪಾಲು ಕಡಿಮೆ. ತೋಳನ್ನು ಕಿವಿಯ ಪಕ್ಕಕ್ಕೆ ಎತ್ತಿ ಮಾಡುವ ಓವರ್‌ಹೆಡ್ ಎಕ್ಸ್‌ಟೆನ್ಷನ್ ಅದನ್ನು ತಲುಪುತ್ತದೆ. ಭುಜದ ಪಕ್ಕದ ಭಾಗಕ್ಕೆ ಲ್ಯಾಟರಲ್ ರೈಸ್ (ಡಂಬೆಲ್ ಹಿಡಿದು ತೋಳನ್ನು ಪಕ್ಕಕ್ಕೆ ಎತ್ತುವುದು), ಮೀನಖಂಡಕ್ಕೆ ಕಾಫ್ ರೈಸ್ (ಹಿಮ್ಮಡಿ ಎತ್ತುವುದು) ಸೇರಿಸಿ. ತೋಳನ್ನು ಮುಂದಕ್ಕೆ ಎತ್ತುವ ಫ್ರಂಟ್ ರೈಸ್ ಮಾತ್ರ ಬಿಟ್ಟುಬಿಡಿ. ಭುಜದ ಮುಂಭಾಗ ಪ್ರತಿ ಪ್ರೆಸ್‌ನಲ್ಲೂ ಸಾಕಷ್ಟು ದಣಿದಿರುತ್ತದೆ.

ಎರಡು ಪಟ್ಟಿ ಮಾಡಿಕೊಂಡು ಒಂದು ದಿನ ಒಂದು, ಮುಂದಿನ ಸಲ ಇನ್ನೊಂದು ಎಂದು ಸರದಿಯಲ್ಲಿ ಮಾಡುತ್ತ ಹೋಗಿ. ಒಂದರಲ್ಲಿ ಸ್ಕ್ವಾಟ್, ಬೆಂಚ್ ಪ್ರೆಸ್, ರೋ (ಭಾರವನ್ನು ಮೈಯ ಕಡೆಗೆ ಎಳೆಯುವುದು). ಕೊನೆಗೆ ಲೆಗ್ ಕರ್ಲ್, ಓವರ್‌ಹೆಡ್ ಎಕ್ಸ್‌ಟೆನ್ಷನ್. ಇನ್ನೊಂದರಲ್ಲಿ ರೊಮೇನಿಯನ್ ಡೆಡ್‌ಲಿಫ್ಟ್, ಓವರ್‌ಹೆಡ್ ಪ್ರೆಸ್ (ಭಾರವನ್ನು ತಲೆಯ ಮೇಲಕ್ಕೆ ತಳ್ಳುವುದು), ಪುಲ್‌ಡೌನ್ (ಮೇಲಿನ ಸರಳನ್ನು ಎದೆಯ ಕಡೆಗೆ ಎಳೆಯುವುದು). ಕೊನೆಗೆ ಲ್ಯಾಟರಲ್ ರೈಸ್, ಕಾಫ್ ರೈಸ್. ದೊಡ್ಡ ವ್ಯಾಯಾಮಗಳಿಗೆ 6–8 ರೆಪ್‌ನ 3 ಸೆಟ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್, ನಡುವೆ ನಿಲ್ಲದೆ ಮಾಡಿದ ರೆಪ್‌ಗಳ ಗುಂಪು ಒಂದು ಸೆಟ್), ನಡುವೆ 2–3 ನಿಮಿಷ ವಿಶ್ರಾಂತಿ. ಚಿಕ್ಕವಕ್ಕೆ 10–15 ರೆಪ್‌ನ 2 ಸೆಟ್, ವಿಶ್ರಾಂತಿ 60–90 ಸೆಕೆಂಡು. ವಾರ್ಮ್‌ಅಪ್ ಸೇರಿ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಇನ್ನು 1–3 ರೆಪ್ ಮಾಡಬಹುದು ಅನ್ನಿಸುವಾಗ ಸೆಟ್ ನಿಲ್ಲಿಸಿ.

ಕ್ರಮ ತಿರುಗಿಸಬೇಡಿ. ಮೊದಲೇ ಟ್ರೈಸೆಪ್ಸ್ ದಣಿಸಿಕೊಂಡು ಬೆಂಚ್ ಪ್ರೆಸ್‌ಗೆ ಹೋದರೆ ಎದೆಗೆ ಇನ್ನೂ ಕಸುವಿರುವಾಗಲೇ ತೋಳು ಸೋತುಹೋಗುತ್ತದೆ. ಭಾರ ಏರಿಸುವುದರಲ್ಲೂ ವ್ಯತ್ಯಾಸವಿದೆ: 60 ಕಿಲೋ ಸ್ಕ್ವಾಟ್‌ಗೆ ಎರಡೂವರೆ ಕಿಲೋ ಸೇರಿಸುವುದು ಸಣ್ಣ ಹೆಜ್ಜೆ. ಲ್ಯಾಟರಲ್ ರೈಸ್‌ನಲ್ಲಿ 5 ಕಿಲೋ ಡಂಬೆಲ್ ಬಿಟ್ಟು 7.5 ಕಿಲೋ ಹಿಡಿದರೆ ಒಮ್ಮೆಗೇ ಒಂದೂವರೆ ಪಟ್ಟು! ಅಲ್ಲಿ ಮೊದಲು ರೆಪ್ ಹೆಚ್ಚಿಸಿ, 20 ಸಲೀಸಾದ ಮೇಲೆ ಡಂಬೆಲ್ ಬದಲಾಯಿಸಿ.

ಪ್ರಶ್ನೆ: ಲ್ಯಾಟರಲ್ ರೈಸ್ ಮಾಡಿದರೆ ಭುಜಕ್ಕಿಂತ ಕತ್ತೇ ಬಿಗಿಯುತ್ತದೆ. ಏಕೆ?

ಉತ್ತರ: ಡಂಬೆಲ್ ಭಾರವಾಗಿದೆ. ಭುಜಕ್ಕೆ ಎತ್ತಲಾಗದ್ದನ್ನು ಕತ್ತಿನಿಂದ ಬೆನ್ನಿಗಿಳಿಯುವ ಟ್ರೆಪೀಜಿಯಸ್ ಸ್ನಾಯು ಹೊತ್ತುಕೊಳ್ಳುತ್ತಿದೆ. ತೂಕ ಅರ್ಧಕ್ಕೆ ಇಳಿಸಿ. ಮೊಣಕೈ ತುಸು ಮಡಚಿ, ತೋಳುಗಳನ್ನು ನೇರ ಪಕ್ಕಕ್ಕಲ್ಲದೆ ಸ್ವಲ್ಪ ಮುಂದಕ್ಕೆ ಚಾಚಿ, ಭುಜದ ಮಟ್ಟಕ್ಕೆ ಎತ್ತಿ ನಿಲ್ಲಿಸಿ. ಇಳಿಸಲು 2–3 ಸೆಕೆಂಡು ತೆಗೆದುಕೊಳ್ಳಿ. ಕನ್ನಡಿಯಲ್ಲಿ ಭುಜ ಕಿವಿಯ ಕಡೆಗೆ ಏರುವುದು ಕಂಡ ಕೂಡಲೇ ಆ ಸೆಟ್ ಮುಗಿಯಿತೆಂದು ತಿಳಿಯಿರಿ. ತೂಕ ಇಳಿಸಿದ ಮೇಲೂ ನೋವು ಉಳಿದರೆ, ಅಥವಾ ತೋಳಿಗೆ ಜೋಮು ಹಿಡಿದರೆ, ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತೋರಿಸಿ.